ಗಾಳಿ ತಾಗದಿದ್ರೆ ಗಟ್ಟಿಯಾಗೋ ಅಂಟು, ಹಿಂದಕ್ಕೆ ತುಳಿದ್ರೆ ಬಿಚ್ಚಿಕೊಳ್ಳೋ ಸ್ಪ್ರಾಕೆಟ್ಟು

ನಮ್ಮ ಬೀದಿ ಹುಡುಗ ಒಬ್ಬ, ಇಂಜಿನಿಯರಿಂಗ್ ಎರಡನೇ ವರ್ಷ, ಅವರಪ್ಪನ ಹಳೇ ಸೈಕಲ್ಲಿನ ಹಿಂದಿನ ಚಕ್ರದಿಂದ ಫ್ರೀವೀಲ್ ಬಿಚ್ಚಿ, ಆ ಜಾಗಕ್ಕೆ ಫಿಕ್ಸೆಡ್ ಸ್ಪ್ರಾಕೆಟ್ (ಹಿಂದಕ್ಕೆ ಜಾರದ ಹಲ್ಲುಚಕ್ರ) ತಿರುಗಿಸಿ ಕೂರಿಸಿ, ನಟ್ಟು ಬೋಲ್ಟು ಬಿಚ್ಚದ ಹಾಗೆ ಹಚ್ಚೋ ಅಂಟು ಇದೆಯಲ್ಲ, ಆ ಕೆಂಪು ಲಾಕ್‌ಟೈಟ್ ಧಾರಾಳವಾಗಿ ಸುರಿದು, ಎರಡೂ ಬ್ರೇಕ್ ತೆಗೆದು ಹಾಕಿ, "ಅಂಕಲ್, ಭಾನುವಾರ ಚಾಮುಂಡಿ ಬೆಟ್ಟ ಹತ್ತಿ ಇಳೀತೀನಿ" ಅಂತ ಬಂದು ನಿಂತ. ಹತ್ತೋದರ ಬಗ್ಗೆ ನಂಗೆ ಚಿಂತೆ ಇರಲಿಲ್ಲ. ಇಳಿಯೋದು ಕೇಳಿ ಎದೆ ಧಸಕ್ ಅಂತು. "ರೆಡ್ ಹಾಕಿದೀನಿ ಅಂಕಲ್, ಅದು ಪರ್ಮನೆಂಟು, ವೆಲ್ಡಿಂಗ್ ಥರಾನೇ" ಅಂದ. ಈ ಮಾತನ್ನ ನಾನು ಎಷ್ಟು ಜನರ ಬಾಯಲ್ಲಿ ಕೇಳಿದೀನೋ ಲೆಕ್ಕ ಇಲ್ಲ, ಅದಕ್ಕೇ ಇವತ್ತು ಕೂತು ಬರೀತಿದೀನಿ.

ಫಿಕ್ಸೆಡ್ ಅಂದ್ರೆ ಚಕ್ರ ತಿರುಗೋವರೆಗೂ ಪೆಡಲ್ಲೂ ತಿರುಗುತ್ತೆ, ಕಾಲು ನಿಲ್ಲಿಸೋಕಾಗಲ್ಲ, ಹಿಂದಕ್ಕೆ ಒತ್ತಿದ್ರೆ ಅದೇ ಬ್ರೇಕು. ವೆಲೋಡ್ರೋಮ್ ಅನ್ನೋ ಸೈಕಲ್ ರೇಸಿನ ಅಂಗಳದಲ್ಲಿ ಓಡಿಸೋ ಟ್ರ್ಯಾಕ್ ಸೈಕಲ್ಲುಗಳು ಇವೇ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಸೈಕ್ಲಿಸ್ಟುಗಳು ದಿಲ್ಲಿಯ ಇಂದಿರಾ ಗಾಂಧಿ ಸ್ಟೇಡಿಯಂ ಆವರಣದ ಟ್ರ್ಯಾಕಿನಲ್ಲಿ ಓಡಿಸೋದೂ ಇಂಥದ್ದನ್ನೇ. ಅಲ್ಲಿ ಬ್ರೇಕ್ ಇಲ್ಲ ನಿಜ, ಆದ್ರೆ ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗ್ತಾರೆ, ಹಸು ಅಡ್ಡ ಬರಲ್ಲ, ಆಟೋ ತಿರುಗಲ್ಲ. ಜೊತೆಗೆ ಅವುಗಳ ಹಬ್ಬೇ (ಚಕ್ರದ ನಡುವಿನ ಗುಂಬ) ಬೇರೆ.

ಬೇರೆ ಹೇಗೆ ಅಂದ್ರೆ, ಸೈಕಲ್ಲಿನ ಬಲಗಡೆ ನಿಂತು ನೋಡಿ. ಮುಂದಕ್ಕೆ ತುಳಿದಾಗ ಚೈನು ಸ್ಪ್ರಾಕೆಟ್ಟನ್ನ ಗಡಿಯಾರದ ಮುಳ್ಳಿನ ದಿಕ್ಕಿಗೆ ಎಳೆಯುತ್ತೆ, ತ್ರೆಡ್ (ತಿರುಪಿನ ಸುತ್ತು) ಬಿಗಿಯಾಗೋ ದಿಕ್ಕೂ ಅದೇ, ಹಾಗಾಗಿ ತುಳಿದಷ್ಟೂ ಬಿಗಿ. ಎಪ್ಪತ್ತು ಕಿಲೋ ತೂಕದವರು 17 ಸೆಂಟಿಮೀಟರ್ ಕ್ರ್ಯಾಂಕಿನ (ಪೆಡಲ್ ಹಿಡಿದಿರೋ ತೋಳು) ಮೇಲೆ ಎದ್ದು ನಿಂತು ತುಳಿದ್ರೆ ಸುಮಾರು 117 ನ್ಯೂಟನ್-ಮೀಟರ್ ತಿರುಚು, ಮುಂದೆ 44 ಹಲ್ಲು ಹಿಂದೆ 16 ಹಲ್ಲು ಇದ್ರೆ ಸ್ಪ್ರಾಕೆಟ್ಟಿಗೆ ತಲುಪೋದು ಅದರಲ್ಲಿ ಸುಮಾರು 42 ನ್ಯೂಟನ್-ಮೀಟರ್. ಹಿಂದಕ್ಕೆ ಒತ್ತಿದಾಗಲೂ ಹೆಚ್ಚುಕಮ್ಮಿ ಅಷ್ಟೇ ಬೀಳುತ್ತೆ, ಆದ್ರೆ ಬಿಚ್ಚೋ ದಿಕ್ಕಿಗೆ. ಅದಕ್ಕೇ ಟ್ರ್ಯಾಕ್ ಹಬ್ಬಿನಲ್ಲಿ ಸ್ಪ್ರಾಕೆಟ್ಟಿನ ಹೊರಗಡೆ ಸ್ವಲ್ಪ ಸಣ್ಣ ವ್ಯಾಸದ ಇನ್ನೊಂದು ತ್ರೆಡ್ ಇರುತ್ತೆ, ಅದು ಎಡ ತ್ರೆಡ್ಡು, ಅಂದ್ರೆ ಉಲ್ಟಾ ತಿರುಗಿಸಿದ್ರೆ ಬಿಗಿಯಾಗೋದು, ಅದರ ಮೇಲೆ ಲಾಕ್‌ರಿಂಗು ಅನ್ನೋ ಬಳೆ. ಸ್ಪ್ರಾಕೆಟ್ಟು ಬಿಚ್ಚಿಕೊಳ್ಳೋಕೆ ಹೊರಟ್ರೆ ಲಾಕ್‌ರಿಂಗನ್ನೂ ಜೊತೆಗೆ ತಿರುಗಿಸೋಕೆ ನೋಡುತ್ತೆ, ಆ ದಿಕ್ಕಿಗೆ ತಿರುಗಿದ್ರೆ ಲಾಕ್‌ರಿಂಗ್ ಇನ್ನೂ ಬಿಗಿಯಾಗುತ್ತೆ. ಅಂದ್ರೆ ಕಳ್ಳ ತಪ್ಪಿಸ್ಕೊಳ್ಳೋಕೆ ಎಳೆದಷ್ಟೂ ಕೈಕೋಳ ಬಿಗಿಯಾದ ಹಾಗೆ. ಎಂಥ ಚೆಂದದ ಐಡಿಯಾ ನೋಡಿ, ಒಂದು ಅಂಟಿಲ್ಲ, ಒಂದು ಪಿನ್ನಿಲ್ಲ, ಬರೀ ದಿಕ್ಕಿನ ಜಾಣತನ.

ನಮ್ಮ ಹುಡುಗನ ಹಬ್ಬಿನಲ್ಲಿ ಈ ಎರಡನೇ ತ್ರೆಡ್ಡೇ ಇಲ್ಲ. ಫ್ರೀವೀಲ್ ಹಬ್ಬಿಗೆ ಅದು ಬೇಕಾಗೂ ಇಲ್ಲ, ಫ್ರೀವೀಲ್ ಹಿಂದಕ್ಕೆ ಟಿಕ್ ಟಿಕ್ ಅಂತ ಜಾರುತ್ತಲ್ಲ, ಬಿಚ್ಚೋ ತಿರುಚು ಅದರ ತ್ರೆಡ್ಡಿಗೆ ತಲುಪೋದೇ ಇಲ್ಲ. ಆದ್ರೆ ಬ್ರಿಟಿಷರ ಕಾಲದಿಂದ ಬಂದ ಅಳತೆ ಎರಡಕ್ಕೂ ಒಂದೇ, 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು, ಹಾಗಾಗಿ ಫಿಕ್ಸೆಡ್ ಸ್ಪ್ರಾಕೆಟ್ಟು ಅಲ್ಲಿ ಸಲೀಸಾಗಿ ಕೂತ್ಕೊಳ್ಳುತ್ತೆ. ಕೂತ್ಕೊಳ್ಳುತ್ತೆ ಅನ್ನೋದೇ ಅಪಾಯ. ಕೆಲವರು ಅದರ ಮೇಲೆ ಬಾಟಮ್ ಬ್ರ್ಯಾಕೆಟ್ಟಿನ (ಕ್ರ್ಯಾಂಕಿನ ಅಚ್ಚು ಕೂರೋ ಜಾಗ) ಲಾಕ್‌ರಿಂಗ್ ಹಾಕ್ತಾರೆ, ಅದೂ ಅದೇ ಅಳತೆ, ಆದ್ರೆ ಅದು ಬಲ ತ್ರೆಡ್ಡು, ಸ್ಪ್ರಾಕೆಟ್ ಬಿಚ್ಚಿದ್ರೆ ಅದೂ ಜೊತೆಗೇ ಬಿಚ್ಚಿಕೊಂಡು ಹೋಗುತ್ತೆ. ಸೈಕಲ್ ಹುಚ್ಚಿನವರು ಇಂಥ ಚಕ್ರಕ್ಕೆ ಸೂಸೈಡ್ ಹಬ್ ಅಂತಾನೇ ಹೆಸರಿಟ್ಟಿದಾರೆ.

ಈಗ ಅಂಟಿನ ವಿಷಯಕ್ಕೆ ಬರ್ತೀನಿ, ನಂಗೆ ಖುಷಿ ಕೊಡೋ ಭಾಗ ಇದೇ.

ಲಾಕ್‌ಟೈಟ್ ಬಾಟಲಿ ತಗೊಂಡವರೆಲ್ಲ ಒಂದು ಸಲನಾದ್ರೂ ಅಂಗಡಿಯವರ ಹತ್ರ ಜಗಳ ಆಡಿರ್ತಾರೆ, "ಏನ್ರೀ ಇದು, ಸೀಲ್ ಇದೆ, ಒಳಗೆ ಅರ್ಧಾನೇ ಇದೆ" ಅಂತ. ಅದು ಮೋಸ ಅಲ್ಲ. ಉಪ್ಪಿನಕಾಯಿ ಭರಣಿ ನೆನಪಿಸ್ಕೊಳ್ಳಿ, ಗಾಳಿ ಆಡಬಾರದು ಅಂತ ಅಜ್ಜಿ ಕುತ್ತಿಗೆ ತನಕ ತುಂಬಿ, ಮೇಲೆ ಎಣ್ಣೆ ನಿಲ್ಲಿಸಿ, ಬಟ್ಟೆ ಕಟ್ಟಿ ಇಡ್ತಿದ್ರು. ಇದು ಅದರ ಉಲ್ಟಾ ಭರಣಿ. ಗಾಳಿ ಇದ್ರೇನೇ ಇದು ಕೆಡದೆ ನೀರಾಗಿರುತ್ತೆ, ಅದಕ್ಕೇ ಬಾಟಲಿ ಅರ್ಧ ಖಾಲಿ, ಅದಕ್ಕೇ ಆ ಬಾಟಲಿಯ ಪ್ಲಾಸ್ಟಿಕ್ಕೂ ಆಕ್ಸಿಜನ್ ಒಳಗೆ ಬಿಟ್ಟುಕೊಳ್ಳೋ ಮೆತ್ತನೆ ಪಾಲಿಥೀನು. ಫೆವಿಕಾಲ್ ನೀರು ಆರಿ ಗಟ್ಟಿಯಾಗುತ್ತೆ, ಫೆವಿಕ್ವಿಕ್ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತೆ, ಇದು ಗಾಳಿ ಸಿಗದೇ ಇದ್ದಾಗ ಗಟ್ಟಿಯಾಗುತ್ತೆ. ಮೂರನ್ನೂ ಅಂಟು ಅಂತ ಒಂದೇ ಚೀಲಕ್ಕೆ ಹಾಕೋದ್ರಿಂದಾನೇ ಅರ್ಧ ಗೊಂದಲ.

ಒಳಗೆ ನಡೆಯೋದು ಇಷ್ಟು. ದ್ರವದಲ್ಲಿ ಇರೋದು ಮೆಥಾಕ್ರಿಲೇಟ್ ಅನ್ನೋ ಅಣುಗಳು, ಜೊತೆಗೆ ಒಂಚೂರು ಪೆರಾಕ್ಸೈಡು. ಚಿಕ್ಕವರಿದ್ದಾಗ ಸರಪಳಿ ಆಟ ಆಡಿರ್ತೀರಲ್ಲ, ಒಬ್ಬ ಔಟಾಗಿ ಇನ್ನೊಬ್ಬನ ಕೈ ಹಿಡೀತಾನೆ, ಅವನು ಮತ್ತೊಬ್ಬನ್ನ ಹಿಡೀತಾನೆ, ಸರಪಳಿ ಉದ್ದ ಆಗ್ತಾ ಹೋಗಿ ಕೊನೆಗೆ ಇಡೀ ಮೈದಾನ ಒಂದೇ ಸಾಲು. ಪೆರಾಕ್ಸೈಡ್ ಒಡೆದಾಗ ಒಂದು ಕೈ ಖಾಲಿ ಇರೋ ಚೂರು ಹುಟ್ಟುತ್ತೆ, ರ್‍ಯಾಡಿಕಲ್ ಅಂತಾರೆ, ಅದು ಮೆಥಾಕ್ರಿಲೇಟಿನ ಕೈ ಹಿಡೀತು, ಅದರ ಇನ್ನೊಂದು ಕೈ ಖಾಲಿ ಆಯ್ತು, ಅದು ಮುಂದಿನದನ್ನ ಹಿಡೀತು. ಆದ್ರೆ ಮೈದಾನದ ತುಂಬ ಆಕ್ಸಿಜನ್ ಅನ್ನೋ ಹುಡುಗರು ಇದಾರೆ ಅಂದ್ಕೊಳ್ಳಿ, ಇವರು ಎಲ್ಲರಿಗಿಂತ ಮೊದಲು ಓಡಿ ಬಂದು ಕೈ ಹಿಡ್ಕೋತಾರೆ, ಹಿಡ್ಕೊಂಡು ಅಲ್ಲೇ ಕೂತು ಬಿಡ್ತಾರೆ, ಸರಪಳಿ ಮುಂದಕ್ಕೆ ಬೆಳೆಯೋದೇ ಇಲ್ಲ. ಅವರು ಇರೋವರೆಗೂ ಆಟ ಶುರು ಆಗಲ್ಲ. ನಟ್ಟು ಬೋಲ್ಟಿನ ಸಂದಿಯಲ್ಲಿ ದ್ರವ ಸಿಕ್ಕಿಕೊಂಡಾಗ ಒಳಗಿದ್ದ ಒಂದಿಷ್ಟು ಆಕ್ಸಿಜನ್ ಖರ್ಚಾಗಿ ಹೋಗುತ್ತೆ, ಹೊಸದು ಬರೋಕೆ ದಾರಿ ಇಲ್ಲ, ಆಮೇಲೆ ಆಟ ಒಮ್ಮೆಲೇ ಜೋರು.

ಇನ್ನೊಂದು ಮುಖ್ಯ ವಿಷಯ, ಹೆಪ್ಪು. ಹಾಲು ಎಷ್ಟು ಹೊತ್ತು ಇಟ್ರೂ ಹೆಪ್ಪು ಬೀಳದೆ ಮೊಸರಾಗಲ್ಲ. ಇಲ್ಲಿ ಹೆಪ್ಪು ಹಾಕೋದು ಲೋಹ. ಕಬ್ಬಿಣ, ತಾಮ್ರದ ಅಯಾನುಗಳು ಪೆರಾಕ್ಸೈಡನ್ನ ಬೇಗ ಬೇಗ ಒಡೆದು ರ್‍ಯಾಡಿಕಲ್ ಹುಟ್ಟಿಸ್ತವೆ. ಹಾಗಾಗಿ ಬರೀ ಉಕ್ಕು, ಹಿತ್ತಾಳೆ ಆದ್ರೆ ಕೆಲವೇ ನಿಮಿಷಕ್ಕೆ ಹಿಡಿತ ಶುರು. ಸ್ಟೇನ್‌ಲೆಸ್ಸು, ಸತು ಲೇಪನ, ಕ್ರೋಮ್ ಲೇಪನ, ಆನೊಡೈಸ್ ಮಾಡಿದ ಅಲ್ಯೂಮಿನಿಯಂ, ಇವು ಸಪ್ಪೆ ಹೆಪ್ಪು, ನಿಧಾನ ಆಗುತ್ತೆ, ಅರ್ಧಂಬರ್ಧ ಆಗುತ್ತೆ, ಅದಕ್ಕೇ ತಾಮ್ರದ ಲವಣ ಇರೋ ಆಕ್ಟಿವೇಟರನ್ನ ಮೊದಲು ಹಚ್ಚಬೇಕಾಗುತ್ತೆ. ಸೈಕಲ್ಲಿನ ಸ್ಪ್ರಾಕೆಟ್ಟುಗಳು ಬಹಳಷ್ಟು ಲೇಪನ ಇರೋವೇ, ಒಳ್ಳೇ ಹಬ್ಬುಗಳು ಅಲ್ಯೂಮಿನಿಯಮ್ಮೇ. ಇದನ್ನ ಯಾರೂ ಹೇಳಲ್ಲ!

ಈ ದ್ರವದ ಹುಟ್ಟಿನ ಕತೆಯೂ ಚೆನ್ನಾಗಿದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಇಂಥದ್ದೊಂದು ರಾಳ ಸಿಕ್ಕಿತ್ತು, ಆದ್ರೆ ಅದರೊಳಗೆ ಸದಾ ಗಾಳಿಗುಳ್ಳೆ ಬಿಡ್ತಾನೇ ಇರಬೇಕಿತ್ತು, ನಿಲ್ಲಿಸಿದ್ರೆ ಡಬ್ಬದಲ್ಲೇ ಕಲ್ಲು, ಇಂಥದ್ದನ್ನ ಯಾರು ಮಾರ್ತಾರೆ? ಅದೇ ಕಂಪನಿಯಲ್ಲಿದ್ದ ರಾಬರ್ಟ್ ಕ್ರೀಬಲ್ ಇದರ ವಿಷಯ ಅಪ್ಪನಿಗೆ ಹೇಳಿದ್ರು. ಅಪ್ಪ ವರ್ನನ್ ಕ್ರೀಬಲ್, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು, 1953ರಲ್ಲಿ ಬಾಟಲಿಯಲ್ಲಿ ಸುಮ್ಮನೆ ಇಟ್ರೂ ಕೆಡದ ರೂಪ ಕಂಡುಹಿಡಿದ್ರು, ಮೇಷ್ಟ್ರು ವೃತ್ತಿಯ ಕೊನೆಗಾಲದಲ್ಲಿ ಮಾಡಿದ ಕೆಲಸ ಅದು. ಲಾಕ್‌ಟೈಟ್ ಅನ್ನೋ ಹೆಸರು ಹೊಳೆದದ್ದು ಸೊಸೆ ನ್ಯಾನ್ಸಿಗೆ. 1956ರಲ್ಲಿ ನ್ಯೂಯಾರ್ಕಿನಲ್ಲಿ ಪತ್ರಕರ್ತರ ಮುಂದೆ ತೋರಿಸಿದ್ರು. 1997ರಲ್ಲಿ ಜರ್ಮನಿಯ ಹೆಂಕೆಲ್ ಇಡೀ ಕಂಪನಿಯನ್ನೇ ಕೊಂಡ್ಕೊಳ್ತು. ಇನ್ನೂ ಮಜಾ ಅಂದ್ರೆ ಈ ಅಂಟುಗಳಲ್ಲಿ ಗಟ್ಟಿಯಾಗೋದನ್ನ ಚುರುಕು ಮಾಡೋಕೆ ಹಾಕೋ ಒಂದು ವಸ್ತು ಸ್ಯಾಕ್ರಿನ್ನು, ಹೌದು, ಐಸ್ ಕ್ಯಾಂಡಿಯಲ್ಲಿ ಸಕ್ಕರೆ ಬದಲು ಹಾಕ್ತಾರೆ ಅಂತ ಅಮ್ಮ ಬೈತಿದ್ರಲ್ಲ ಅದೇ ಸ್ಯಾಕ್ರಿನ್, 1879ರಲ್ಲಿ ಫಾಲ್‌ಬರ್ಗ್ ಅನ್ನೋ ವಿಜ್ಞಾನಿ ಲ್ಯಾಬಿಂದ ಬಂದು ಊಟಕ್ಕೆ ಕೂತಾಗ ಕೈ ಸಿಹಿ ಅನ್ನಿಸಿ ಕಂಡುಹಿಡಿದದ್ದು. (ಹಾಗಂತ ಲಾಕ್‌ಟೈಟ್ ರುಚಿ ನೋಡಬೇಡಿ, ಚರ್ಮಕ್ಕೂ ಒಳ್ಳೇದಲ್ಲ.)

ಸರಿ, ಇದು ನಿಜವಾಗಿ ತಡೆಯೋದು ಏನನ್ನ? ನಮ್ಮ ಸ್ಪ್ರಾಕೆಟ್ಟಿನ ತ್ರೆಡ್ ಒಂದು ಸುತ್ತಿಗೆ ಒಂದು ಮಿಲಿಮೀಟರ್ ಚಿಲ್ಲರೆ ಮಾತ್ರ ಏರುತ್ತೆ, ಅಂದ್ರೆ ಅರ್ಧ ಡಿಗ್ರಿ ಇಳಿಜಾರು ಅಷ್ಟೇ, ಲೋಹದ ಮೇಲೆ ಲೋಹ ಜಾರಬೇಕು ಅಂದ್ರೆ ಏಳೆಂಟು ಡಿಗ್ರಿ ಬೇಕು, ಹಾಗಾಗಿ ತಾನಾಗೇ ಬಿಚ್ಚಿಕೊಳ್ಳೋ ಪ್ರಶ್ನೇನೇ ಇಲ್ಲ. ಹಾಗಾದ್ರೆ ನಟ್ಟುಗಳು ಯಾಕೆ ಬಿಚ್ಚಿಕೊಳ್ತವೆ? 1969ರಲ್ಲಿ ಗೆರ್ಹಾರ್ಡ್ ಯುಂಕರ್ ಅನ್ನೋ ಜರ್ಮನ್ ಇಂಜಿನಿಯರು ತೋರಿಸಿದ್ರು, ಬೋಲ್ಟನ್ನ ಉದ್ದಕ್ಕೆ ಎಳೆದಾಡೋದಕ್ಕಿಂತ ಅಡ್ಡಡ್ಡ ಅಲ್ಲಾಡಿಸಿದ್ರೆ ಬೇಗ ಬಿಚ್ಚಿಕೊಳ್ಳುತ್ತೆ ಅಂತ. ಗೋಡೆಗೆ ಆನಿಸಿದ ಬೀರು ಮುಂದಕ್ಕೆ ಎಳೆದ್ರೆ ಬರಲ್ಲ, ಎಡಕ್ಕೂ ಬಲಕ್ಕೂ ಅಲ್ಲಾಡಿಸ್ತಾ ಎಳೆದ್ರೆ ಬರುತ್ತಲ್ಲ, ಅದೇ ವಿಷಯ. ತ್ರೆಡ್ಡಿನ ಒಂದು ಮುಖ ಮಾತ್ರ ತಾಗಿರುತ್ತೆ, ಇನ್ನೊಂದು ಮುಖದ ಹತ್ರ ಖಾಲಿ ಜಾಗ, ಆ ಖಾಲಿಯಲ್ಲೇ ಅಲ್ಲಾಟ. ಲಾಕ್‌ಟೈಟ್ ಆ ಖಾಲಿಯನ್ನ ತುಂಬುತ್ತೆ, ಅಲ್ಲಾಟಕ್ಕೇ ಜಾಗ ಇಲ್ಲದ ಹಾಗೆ. ಬಾಗಿಲಿನ ಸಂದಿಗೆ ಚಕ್ಕೆ ತುರುಕಿದ ಹಾಗೆ, ಅದು ಬೀಗ ಅಲ್ಲ.

ಹುಡುಗ ಇಲ್ಲಿ ಒಳ್ಳೇ ಪ್ರಶ್ನೆ ಕೇಳಿದ, "ಆದ್ರೂ ಲೆಕ್ಕದಲ್ಲಿ ತಡೆಯಲ್ವಾ ಅಂಕಲ್?" ಲೆಕ್ಕ ಹಾಕಿದ್ವಿ. ಸುಮಾರು 34 ಮಿಲಿಮೀಟರ್ ವ್ಯಾಸ, 7 ಮಿಲಿಮೀಟರ್ ಅಗಲ, ಅಂದ್ರೆ 750 ಚದರ ಮಿಲಿಮೀಟರ್, ಪ್ರತಿ ಚದರ ಮಿಲಿಮೀಟರಿಗೆ 7 ನ್ಯೂಟನ್ ಹಿಡಿದ್ರೂ ಹತ್ತಿರ ಹತ್ತಿರ 90 ನ್ಯೂಟನ್-ಮೀಟರ್. ಅವನ ಕಾಲಿನ 42ರ ಎರಡರಷ್ಟು! ಅವನ ಮುಖ ಅರಳಿತು. ಕಾಗದದ ಮೇಲೆ ಅವನು ಹೇಳಿದ್ದು ಸರಿ, ಅದನ್ನ ನಾನು ಒಪ್ಕೊಂಡೆ. ಆದ್ರೆ ಆ 90 ಬರೋದು ತ್ರೆಡ್ಡಿನಲ್ಲಿ ಎಣ್ಣೆ ಜಿಡ್ಡು ಒಂಚೂರೂ ಇಲ್ಲದೆ, ಲೋಹ ಸರಿಯಾದ ಹೆಪ್ಪಾಗಿ, 24 ಗಂಟೆ ಮುಟ್ಟದೆ ಬಿಟ್ಟಾಗ. ಜೊತೆಗೆ ಇನ್ನೊಂದಿದೆ, ಎಲ್ಲರೂ ಮರೆಯೋದು ಇದನ್ನೇ. ಕೈಯಲ್ಲಿ ತಿರುಗಿಸಿ ಕೂರಿಸಿ ಅಂಟು ಗಟ್ಟಿಯಾಗೋಕೆ ಬಿಟ್ರಿ ಅಂದ್ಕೊಳ್ಳಿ, ಮಾರನೇ ದಿನ ಮೊದಲ ಏರಿನಲ್ಲಿ ಎದ್ದು ತುಳಿದಾಗ ಸ್ಪ್ರಾಕೆಟ್ಟು ಇನ್ನೂ ಒಂಚೂರು ಬಿಗಿಯಾಗುತ್ತೆ, ಕೂದಲೆಳೆಯಷ್ಟು ತಿರುಗಿದ್ರೂ ಸಾಕು, ಒಳಗೆ ಹೆಪ್ಪುಗಟ್ಟಿದ ಅಂಟು ಪುಡಿ ಪುಡಿ. ಹೊಸ ಸಿಮೆಂಟಿನ ಮೇಲೆ ಕಾಲಿಟ್ಟ ಹಾಗಲ್ಲ, ಗಟ್ಟಿಯಾದ ಸಿಮೆಂಟಿನ ಕಂಬವನ್ನೇ ತಿರುಚಿದ ಹಾಗೆ, ಮತ್ತೆ ಸೇರ್ಕೊಳ್ಳಲ್ಲ. ಅಂದ್ರೆ ಬೆಟ್ಟ ಹತ್ತೋದೇ ಅಂಟನ್ನ ಮುರಿಯುತ್ತೆ, ಇಳಿಯುವಾಗ ಹಿಂದಕ್ಕೆ ಒತ್ತಿದ್ರೆ ತಡೆಯೋಕೆ ಒಳಗೆ ಏನೂ ಉಳಿದಿರಲ್ಲ!

ಟ್ರ್ಯಾಕ್ ಹಬ್ಬಿಗೆ ಹಾಕೋದಾದ್ರೆ ಕ್ರಮ ಬೇರೆ. ಬ್ರೇಕ್ ಕ್ಲೀನರ್‌ನಲ್ಲೋ ಆಲ್ಕೋಹಾಲ್‌ನಲ್ಲೋ ಜಿಡ್ಡು ತೆಗೆದು, ಸ್ಪ್ರಾಕೆಟ್ಟನ್ನ ಚೈನ್ ವಿಪ್ಪಿನಲ್ಲಿ (ತುದಿಗೆ ಚೈನ್ ತುಂಡು ಇರೋ ಹಿಡಿ) ಮೈಬಲ ಎಲ್ಲ ಹಾಕಿ ಬಿಗಿ ಮಾಡಿ, ಒಂದು ಏರು ಹತ್ತಿ ಬಂದು, ಆಮೇಲೆ ಬೇಕು ಅನ್ನಿಸಿದ್ರೆ ಲಾಕ್‌ರಿಂಗಿಗೆ ನೀಲಿ ಲಾಕ್‌ಟೈಟ್ (ಕೆಂಪಿಗಿಂತ ಕಡಿಮೆ ಹಿಡಿತದ್ದು) ಎರಡು ತೊಟ್ಟು. ಕೆಂಪು ಯಾಕೆ ಬೇಡ ಅಂದ್ರೆ ಅದನ್ನ ಬಿಚ್ಚೋಕೆ 250 ಡಿಗ್ರಿ ಆಸುಪಾಸು ಕಾಯಿಸಬೇಕು, ಅಷ್ಟರಲ್ಲಿ ಬೇರಿಂಗಿನ ಗ್ರೀಸ್ ಕರಗಿ ಹರೀತಿರುತ್ತೆ, ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿತನವೂ 200 ದಾಟಿದ್ರೆ ಇಳಿಯೋಕೆ ಶುರು. ಮುಂದಿನ ಬ್ರೇಕಂತೂ ಬೇಕೇ ಬೇಕು, ಬ್ರಿಟನ್ನಿನ 1983ರ ಸೈಕಲ್ ನಿಯಮದಲ್ಲೂ ಫಿಕ್ಸೆಡ್ ಚಕ್ರ ಇದ್ರೂ ಮುಂದೆ ಬ್ರೇಕ್ ಇರಲೇಬೇಕು ಅಂತಿದೆ.

ಅವನ ಚಕ್ರವನ್ನ ಅವತ್ತೇ ಬಿಚ್ಚಿದ್ವಿ. ಚೈನ್ ವಿಪ್ ಹಾಕಿ ಒಂದೇ ಎಳೆತಕ್ಕೆ ಸ್ಪ್ರಾಕೆಟ್ಟು ಬಂತು, ಬೀದಿಯಲ್ಲಿ ಎರಡು ದಿನ ಓಡಿಸಿದ್ದಷ್ಟೇ. ಒಳಗಿನ ಸುತ್ತುಗಳಲ್ಲಿ ಅಂಟು ಪುಡಿಯಾಗಿ ಹಿಟ್ಟಿನ ಥರ ಉದುರ್ತಿತ್ತು, ಹೊರಗಿನ ಒಂದೂವರೆ ಸುತ್ತಿನಲ್ಲಿ, ಗಾಳಿ ತಾಗೋ ಕಡೆ, ಕೆಂಪು ದ್ರವ ಇನ್ನೂ ಹಸಿ ಹಸಿ, ಬೆರಳಿಗೆ ಅಂಟ್ತಿತ್ತು. ಅವನು ತುಂಬ ಹೊತ್ತು ಆ ಬೆರಳನ್ನೇ ನೋಡ್ತಾ ನಿಂತಿದ್ದ. ಈಗ ಅವನು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ ಹಬ್ ಒಂದನ್ನ ಹುಡುಕ್ತಿದಾನೆ. ಹಳೇ ಹಬ್ಬಿನ ತ್ರೆಡ್ಡನ್ನ ಹಲ್ಲುಜ್ಜೋ ಬ್ರಶ್‌ನಲ್ಲಿ ಉಜ್ಜಿ ಅವರಪ್ಪನ ಫ್ರೀವೀಲನ್ನೇ ವಾಪಸ್ ಹಾಕಿದ್ವಿ, ಅದಕ್ಕೆ ಹಚ್ಚಿದ್ದು ಗ್ರೀಸ್ ಮಾತ್ರ.