ಮಂಜುಗಡ್ಡೆ ಕೆಳಗಿನ ಕಪ್ಪೆ: ಹಿತ್ತಲ ಕೊಳದ ಚಳಿಗಾಲದ ಟಿಪ್ಪಣಿ

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಅಮೆರಿಕದ ಮಿಷಿಗನ್‌ನಲ್ಲಿ ಜನವರಿ ಅಂದರೆ ಹಿತ್ತಲ ಕೊಳದ ಮೇಲೆ ದಪ್ಪ ಮಂಜುಗಡ್ಡೆ. ಅದರಡಿಯಲ್ಲಿ ಕಪ್ಪೆಗಳಿರುತ್ತವೆ. ವಸಂತ ಬಂದಾಗ ಒಂದು ಕೊಳದಲ್ಲಿ ಕಪ್ಪೆಗಳು ಕೂಗುತ್ತವೆ, ಪಕ್ಕದ ಕೊಳದಲ್ಲಿ ಸತ್ತು ತೇಲುತ್ತವೆ. ಚಳಿ ಎರಡಕ್ಕೂ ಒಂದೇ ಅಲ್ವಾ? ಹಾಗಾದರೆ ಕೊಂದದ್ದು ಯಾವುದು?

ಉಸಿರಿನ ಕೊರತೆ. ಇದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ಸುಲಭ.

ನೀರು ಅತಿ ಭಾರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ತಣ್ಣಗಾದ ನೀರು ತಳ ಸೇರುತ್ತದೆ. ಇನ್ನೂ ತಣ್ಣಗಾದದ್ದು ಮೇಲೆ ಉಳಿದು ಗಡ್ಡೆ ಕಟ್ಟುತ್ತದೆ. ಹಾಗಾಗಿ ಕೊಳ ಆಳವಾಗಿದ್ದರೆ ತಳ ಗಡ್ಡೆ ಕಟ್ಟುವುದಿಲ್ಲ. ಗ್ರೀನ್ ಫ್ರಾಗ್, ಲೆಪರ್ಡ್ ಫ್ರಾಗ್, ಬುಲ್‌ಫ್ರಾಗ್‌ಗಳು ಚಳಿಗಾಲ ಕಳೆಯುವುದು ಅಲ್ಲೇ. ಶ್ವಾಸಕೋಶಕ್ಕೆ ಆಗ ಕೆಲಸವಿಲ್ಲ. ನೀರಲ್ಲಿ ಕರಗಿದ ಆಮ್ಲಜನಕವನ್ನು ಚರ್ಮವೇ ಎಳೆದುಕೊಳ್ಳುತ್ತದೆ. ಮೈ ತಣ್ಣಗಿರುವುದರಿಂದ ಬೇಕಾಗುವುದೂ ಕಡಿಮೆ. ಜೊತೆಗೆ ತಣ್ಣೀರು ಆಮ್ಲಜನಕವನ್ನು ಜಾಸ್ತಿ ಹಿಡಿಯುತ್ತದೆ: 4 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 13 ಮಿಲಿಗ್ರಾಂ, 20 ಡಿಗ್ರಿಯಲ್ಲಿ ಸುಮಾರು 9.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಗೊಂದಲ ಆಗುತ್ತದೆ. ಊರಲ್ಲಿ ಬೇಸಿಗೆಗೆ ಗೂಳಿಗಪ್ಪೆ ಮಣ್ಣೊಳಗೆ ಹೂತುಕೊಂಡು, ಮೊದಲ ಮಳೆಗೆ ಮೇಲೆ ಬರುತ್ತದೆ. ಇಲ್ಲಿನ ಕಪ್ಪೆಯೂ ಕೊಳದ ಕೆಸರಲ್ಲಿ ಹೂತಿರುತ್ತದೆ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಅದು ತಪ್ಪು. ಒಣ ಮಣ್ಣಿನ ಸಂದುಗಳಲ್ಲಿ ಗಾಳಿ ಇರುತ್ತದೆ. ನೀರಡಿಯ ಕೆಸರಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಈ ಕಪ್ಪೆಗಳು ಕೆಸರಿನ ಮೇಲೆ, ಮೈಗೆ ನೀರು ತಾಗುವ ಹಾಗೆ ಕೂತಿರುತ್ತವೆ.

ಈಗ ಅಪಾಯ ಎಲ್ಲಿಂದ ಬರುತ್ತದೆ ನೋಡಿ. ಶರತ್ಕಾಲದ ಎಲೆ ಕೊಳಕ್ಕೆ ಬಿದ್ದು ಕೊಳೆಯುತ್ತದೆ. ಕೊಳೆಯುವ ಕೆಲಸಕ್ಕೆ ಆಮ್ಲಜನಕ ಖರ್ಚಾಗುತ್ತದೆ. ಮೇಲೆ ಗಡ್ಡೆ ಮುಚ್ಚಿರುವುದರಿಂದ ಹೊಸ ಗಾಳಿ ಬೆರೆಯುವುದಿಲ್ಲ. ಗಡ್ಡೆ ಮೇಲೆ ಹಿಮ ಬಿದ್ದರೆ ಬೆಳಕೂ ಹೋಯಿತು, ನೀರೊಳಗಿನ ಗಿಡಗಳು ಆಮ್ಲಜನಕ ಮಾಡುವುದೂ ನಿಂತಿತು.

ಹಾಗಾಗಿ ಎಲೆ ಉದುರುವ ಮೊದಲೇ ಕೊಳದ ಮೇಲೆ ಬಲೆ ಹಾಸಿ. ಅಂಚು ಸ್ವಲ್ಪ ಎತ್ತಿರಲಿ, ಕಪ್ಪೆಗೆ ಓಡಾಡಲು ದಾರಿ ಬೇಕು. ಬಿದ್ದ ಎಲೆಯನ್ನು ನವೆಂಬರ್ ಒಳಗೆ ತೆಗೆಯಿರಿ. ನೀರೊಳಗಿನ ಹಸಿರು ಗಿಡಗಳನ್ನು ಪೂರ್ತಿ ಕಿತ್ತುಹಾಕಬೇಡಿ. ಹಿಮ ಬಿದ್ದಾಗ ದಡದಲ್ಲೇ ನಿಂತು ಉದ್ದ ಪೊರಕೆಯಿಂದ ಗುಡಿಸಿ, ಗಡ್ಡೆ ಮೇಲೆ ಕಾಲಿಡಬೇಡಿ. ಸುತ್ತಿಗೆಯಿಂದ ಒಡೆಯುವುದೂ ಬೇಡ, ಆ ಅದುರು ತಳದವರೆಗೂ ಹೋಗುತ್ತದೆ. ಗಾಳಿ ಗುಳ್ಳೆ ಬಿಡುವ ಪಂಪ್ ಇದ್ದರೆ ಗುಳ್ಳೆ ಹೊರಡುವ ಅದರ ರಂಧ್ರದ ಕಲ್ಲನ್ನು ಮೇಲ್ಭಾಗದಲ್ಲಿಡಿ. ತಳದಲ್ಲಿಟ್ಟರೆ ಮೇಲಿನ ಕೊರೆಯುವ ನೀರು ಕೆಳಗಿನ 4 ಡಿಗ್ರಿ ನೀರಿಗೆ ಬೆರೆತುಬಿಡುತ್ತದೆ. ಉಪ್ಪು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ.

ಈಜುಕೊಳ ಇರುವವರಿಗೆ ಒಂದೇ ಮಾತು: ಒಳಗೆ ಬಿದ್ದ ಕಪ್ಪೆ ನುಣುಪು ಗೋಡೆ ಹತ್ತಲಾರದು. ಒರಟಾದ ಒಂದು ಹಲಗೆಯನ್ನು ಓರೆಯಾಗಿ ಇಳಿಬಿಡಿ.

ಇನ್ನು ವುಡ್ ಫ್ರಾಗ್. ಚಳಿಗಾಲದಲ್ಲಿ ಇದು ನೀರಿಗೆ ಹೋಗುವುದೇ ಇಲ್ಲ, ತರಗೆಲೆ ಕೆಳಗೆ ಮಲಗಿ ಮೈಯನ್ನೇ ಹೆಪ್ಪುಗಟ್ಟಲು ಬಿಡುತ್ತದೆ! ಚರ್ಮದಲ್ಲಿ ಮೊದಲ ಮಂಜಿನ ಹರಳು ಮೂಡಿದ ಕೆಲವೇ ನಿಮಿಷಗಳಲ್ಲಿ ಯಕೃತ್ತು ತನ್ನಲ್ಲಿ ಕೂಡಿಟ್ಟ ಗ್ಲೈಕೋಜನ್ ಒಡೆದು ರಕ್ತಕ್ಕೆ ಗ್ಲೂಕೋಸ್ ಸುರಿಯುತ್ತದೆ. ಆ ಸಕ್ಕರೆ ಜೀವಕೋಶಗಳ ಒಳಗೆ ಹರಳು ಆಗದಂತೆ ಕಾಯುತ್ತದೆ. ಹೊರಗೆ ಮಾತ್ರ ಹೆಪ್ಪು. ಮೈಯ ನೀರಿನ ಸುಮಾರು ಮೂರನೇ ಎರಡು ಭಾಗ ಗಟ್ಟಿಯಾಗುತ್ತದೆ, ಉಸಿರು ನಿಲ್ಲುತ್ತದೆ, ಹೃದಯವೂ ನಿಲ್ಲುತ್ತದೆ. ಕರಗುವಾಗ ಹೃದಯವೇ ಮೊದಲು ಮಿಡಿಯುತ್ತದೆ. ಕಪ್ಪೆಗಳ ಈ ಶಕ್ತಿಯನ್ನು ಜೀವವಿಜ್ಞಾನಿ ವಿಲಿಯಂ ಶ್ಮಿಡ್ 1982ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು.

ಒಂದು ಡಿಸೆಂಬರ್‌ನಲ್ಲಿ ಬೇಲಿ ಪಕ್ಕದ ಎಲೆ ಎಳೆಯುವಾಗ ನನ್ನ ರೇಕ್‌ಗೆ ಒಂದು ಸಿಕ್ಕಿತು. ಕಣ್ಣಿನ ಹಿಂದೆ ಕಪ್ಪು ಪಟ್ಟಿ, ಕಾಲು ಮಡಚಿ ಹೊಟ್ಟೆಗೆ ಅಂಟಿತ್ತು. ಮುಟ್ಟಿದರೆ ಬೆಣಚುಕಲ್ಲು. ಸತ್ತಿದೆ ಅಂತಲೇ ಅನಿಸಿತು. ಆದರೂ ಅಲ್ಲೇ ಇಟ್ಟು ಮೊಣಕಾಲೆತ್ತರ ಎಲೆ ಮುಚ್ಚಿದೆ. ಒಳಗೆ ತಂದು ಬೆಚ್ಚಗೆ ಮಾಡಿದ್ದರೆ ಅದು ಎಚ್ಚರಗೊಂಡು, ತಿನ್ನಲು ಹುಳವಿಲ್ಲದೆ ಕೂಡಿಟ್ಟದ್ದನ್ನು ಕರಗಿಸಿಕೊಳ್ಳುತ್ತಿತ್ತು.

ಅಂದಿನಿಂದ ನಮ್ಮಲ್ಲಿ ಕೊಳದಿಂದ ತೆಗೆದ ಎಲೆಯೆಲ್ಲ ಬೇಲಿ ಬುಡಕ್ಕೆ ಹೋಗುತ್ತದೆ. ಅದರ ಮೇಲೆ ಬೀಳುವ ಹಿಮವನ್ನು ಮುಟ್ಟುವುದಿಲ್ಲ, ಅದೂ ಕಂಬಳಿಯೇ. ಮಾರ್ಚ್ ಕೊನೆಗೆ, ಕೊಳದ ಅಂಚಲ್ಲಿ ಗಡ್ಡೆ ಇನ್ನೂ ಇರುವಾಗಲೇ, ವುಡ್ ಫ್ರಾಗ್‌ಗಳು ಕೂಗಲು ಶುರು ಮಾಡುತ್ತವೆ. ದೂರದಿಂದ ಕೇಳಿದರೆ ಬಾತುಕೋಳಿಗಳ ಗಲಾಟೆ ಅನ್ನಬೇಕು. ಅದನ್ನು ಕೇಳಿದ ಮೇಲೂ ಕೆಲವು ವಾರ ನಾನು ರೇಕ್ ಮುಟ್ಟುವುದಿಲ್ಲ. ಬೂದು ಮರಗಪ್ಪೆಗಳು ಅದೇ ಎಲೆಯ ಕೆಳಗೆ ಮಲಗಿರುತ್ತವೆ, ಅವು ಏಳುವುದು ತಡ.