ಸಮುದಾಯ ಬಾನುಲಿ ಕೇಂದ್ರಕ್ಕೆ ಅರ್ಜಿ ಸಲ್ಲಿಸುವ ಬಗೆ: ಒಂದು ಅಧ್ಯಯನ ಟಿಪ್ಪಣಿ

ದಾವಣಗೆರೆಯ ನಮ್ಮ ಅಧ್ಯಯನ ಕೂಟದಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯೊಂದಿದೆ: ನಮ್ಮ ಊರಿನಲ್ಲಿ ನಾವೇ ಒಂದು ರೇಡಿಯೊ ಅಥವಾ ದೂರದರ್ಶನ ಕೇಂದ್ರವನ್ನು ತೆರೆಯಲು ಸಾಧ್ಯವೇ? ಯಾವ ಬಗೆಯ ಕೇಂದ್ರ ಎಂಬುದನ್ನು ಮೊದಲು ತೀರ್ಮಾನಿಸದೆ ಇದಕ್ಕೆ ಉತ್ತರ ಹೇಳಲಾಗದು. ಉಪಗ್ರಹ ಟಿವಿ ವಾಹಿನಿಗೆ 2022ರ ಮಾರ್ಗಸೂಚಿಯ ಪ್ರಕಾರ ಕಂಪನಿಗಳು ಮತ್ತು ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಗಳು ಮಾತ್ರ ಅರ್ಜಿ ಹಾಕಬಹುದು. ಮೊದಲ ವಾಹಿನಿ ಸುದ್ದಿಯದಾದರೆ 20 ಕೋಟಿ ರೂಪಾಯಿ, ಸುದ್ದಿಯೇತರವಾದರೆ 5 ಕೋಟಿ ರೂಪಾಯಿ ನಿವ್ವಳ ಮೌಲ್ಯವನ್ನು ತೋರಿಸಬೇಕು. ಖಾಸಗಿ ಎಫ್‌ಎಂ ವಾಹಿನಿಗಳನ್ನು ಹರಾಜಿನಲ್ಲಿ ಪಡೆಯಬೇಕು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು 234 ಹೊಸ ನಗರಗಳಲ್ಲಿ 730 ವಾಹಿನಿಗಳ ಹರಾಜಿಗೆ ಒಪ್ಪಿಗೆ ನೀಡಿತು. ಲಾಭದ ಉದ್ದೇಶವಿಲ್ಲದ ಸಣ್ಣ ಸಂಸ್ಥೆಗೆ ಉಳಿಯುವ ದಾರಿ ಸಮುದಾಯ ಬಾನುಲಿ, ಅಂದರೆ ಒಂದು ಸಣ್ಣ ಪ್ರದೇಶದ ಜನರಿಗಾಗಿ ನಡೆಯುವ ಎಫ್‌ಎಂ ಕೇಂದ್ರ. ಈ ಟಿಪ್ಪಣಿ ಅದನ್ನು ಕುರಿತದ್ದು.

ಈ ದಾರಿ ತೆರೆದದ್ದು ನಿಧಾನವಾಗಿ. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಆದರೂ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗಷ್ಟೇ ಅವಕಾಶ ದೊರೆಯಿತು; ಸ್ವಯಂಸೇವಾ ಸಂಸ್ಥೆಗಳಿಗೆ ಅದು ವಿಸ್ತರಿಸಿದ್ದು 2006ರ ನವೆಂಬರ್‌ನಲ್ಲಿ. ಅಷ್ಟರಲ್ಲೇ ಕೋಲಾರ ಜಿಲ್ಲೆಯ ಬೂದಿಕೋಟೆಯ ಜನರು ಪರವಾನಗಿಗೆ ಕಾಯದೆ, ‘ನಮ್ಮ ಧ್ವನಿ’ಯ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಗಳಿಗೆ ತಲುಪಿಸುತ್ತಿದ್ದರು. ಕರ್ನಾಟಕದ ಬಾನುಲಿ ಚರಿತ್ರೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಅಧ್ಯಾಯ ಇದು.

ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಪ್ರಸಾರ ಆರಂಭಿಸಿದ್ದನ್ನು ನಾವು ಓದಿದ್ದೇವೆ. ಇಂದಿನ ನಿಯಮದಲ್ಲಿ ಅದಕ್ಕೆ ಆಸ್ಪದವಿಲ್ಲ, ಏಕೆಂದರೆ ಸಮುದಾಯ ಬಾನುಲಿಗೆ ವ್ಯಕ್ತಿಗಳು ಅರ್ಜಿ ಹಾಕುವಂತಿಲ್ಲ. ರಾಜಕೀಯ ಪಕ್ಷಗಳಿಗೂ ಅವುಗಳ ಅಂಗಸಂಸ್ಥೆಗಳಿಗೂ ಲಾಭಕ್ಕಾಗಿ ನಡೆಯುವ ಸಂಸ್ಥೆಗಳಿಗೂ ನಿಷೇಧಿತ ಸಂಘಟನೆಗಳಿಗೂ ಅವಕಾಶವಿಲ್ಲ. ನೋಂದಾಯಿತ ಲಾಭರಹಿತ ಸಂಸ್ಥೆಗಳು, ಶಿಕ್ಷಣ ಸಂಸ್ಥೆಗಳು, ಕೃಷಿ ವಿಶ್ವವಿದ್ಯಾಲಯಗಳು ಮತ್ತು ಕೃಷಿ ವಿಜ್ಞಾನ ಕೇಂದ್ರಗಳು ಅರ್ಹವಾಗಿವೆ. ಸ್ವಯಂಸೇವಾ ಸಂಸ್ಥೆಯಾದರೆ ನೋಂದಣಿಯಾಗಿ ಮೂರು ವರ್ಷ ಕಳೆದಿರಬೇಕು ಮತ್ತು ಸ್ಥಳೀಯ ಸಮುದಾಯಕ್ಕೆ ಕನಿಷ್ಠ ಮೂರು ವರ್ಷ ಸೇವೆ ಸಲ್ಲಿಸಿದ ದಾಖಲೆ ಇರಬೇಕು.

ಈ ಮೂರು ವರ್ಷಗಳ ಷರತ್ತನ್ನು ಕಲಿಯುವವರು ಬರೀ ಲೆಕ್ಕದ ವಿಷಯವೆಂದು ಭಾವಿಸುತ್ತಾರೆ. ನನ್ನ ಪರಿಚಯದ ಸಂಸ್ಥೆಯೊಂದು ಜಗಳೂರು ಕಡೆಯ ಹಳ್ಳಿಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಜೊತೆ ನಿಜವಾಗಿಯೂ ದುಡಿದಿತ್ತು. ಆದರೆ ಅರ್ಜಿಯ ಕರಡು ಸಿದ್ಧಪಡಿಸಲು ಕುಳಿತಾಗ ಅವರ ಬಳಿ ಇದ್ದದ್ದು ಉದ್ಘಾಟನೆಯ ಫೋಟೊಗಳು ಮಾತ್ರ. ಯಾವ ಹಳ್ಳಿಯಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಜನರೊಂದಿಗೆ ಏನು ನಡೆಯಿತು ಎಂಬ ನಡಾವಳಿ ಪುಸ್ತಕವಾಗಲಿ ಸಕಾಲದಲ್ಲಿ ಲೆಕ್ಕಪರಿಶೋಧನೆಯಾದ ಪತ್ರಗಳಾಗಲಿ ಇರಲಿಲ್ಲ. ಮಾಡಿದ ಕೆಲಸ ಕಾಗದದಲ್ಲಿ ಇಲ್ಲದಿದ್ದರೆ ಪರಿಶೀಲಿಸುವವರ ಪಾಲಿಗೆ ಆ ಕೆಲಸವೇ ಇಲ್ಲ. ಆದ್ದರಿಂದ ಬಾನುಲಿಯ ಆಸೆಯುಳ್ಳ ಸಂಸ್ಥೆಯು ಇಂದಿನಿಂದಲೇ ನಡಾವಳಿ ಬರೆದಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಅರ್ಜಿಯ ತಿರುಳು ಇರುವುದು ‘ನಿಮ್ಮ ಸಮುದಾಯ ಯಾವುದು’ ಎಂಬ ಪ್ರಶ್ನೆಯಲ್ಲಿ. ‘ಚಿತ್ರದುರ್ಗ ಜಿಲ್ಲೆಯ ಜನತೆ’ ಎಂದು ಬರೆದರೆ ಅದು ಉತ್ತರವಾಗುವುದಿಲ್ಲ. 100 ವ್ಯಾಟ್ ಕೇಂದ್ರದ ದನಿ ಸುತ್ತ ಸುಮಾರು 10 ಕಿಲೋಮೀಟರ್ ತಲುಪಬಹುದು. ಇಡೀ ಜಿಲ್ಲೆಯ ಮಾತು ಆಕಾಶವಾಣಿಯಂಥ ಕೇಂದ್ರಕ್ಕೆ ಸೇರಿದ್ದು. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರರು, ಚಳ್ಳಕೆರೆ ಸುತ್ತಲಿನ ಶೇಂಗಾ ಬೆಳೆಗಾರರು, ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ದಾವಣಗೆರೆ ಸೀಮೆಯ ರೈತರು, ಒಂದು ಹೋಬಳಿಯ ಲಂಬಾಣಿ ತಾಂಡಾಗಳು: ಹೀಗೆ ಗುರುತಿಸಿ, ಹಳ್ಳಿಗಳ ಹೆಸರನ್ನು ಸಾಲಾಗಿ ನಮೂದಿಸಬೇಕು. ಟ್ರಾನ್ಸ್‌ಮಿಟರ್ ಮತ್ತು ಆಂಟೆನಾ ಆ ಪ್ರದೇಶದೊಳಗೇ ಇರಬೇಕು ಎಂಬ ನಿಯಮವೂ ಇದರ ಬೆನ್ನಿಗಿದೆ. ಉಪಕರಣದ ಬೆಲೆಪಟ್ಟಿಯಿಂದ ಅರ್ಜಿಯನ್ನು ಆರಂಭಿಸುವವರು ಇಲ್ಲಿಗೆ ಬಂದು ತಡವರಿಸುತ್ತಾರೆ. ಹಳ್ಳಿಗಳಿಂದ ಆರಂಭಿಸಿದವರಿಗೆ ಉಳಿದ ಕಾಲಂಗಳು ತಾವಾಗಿಯೇ ತುಂಬುತ್ತವೆ.

ಸ್ಥಳದ ವಿವರದಲ್ಲಿ ಎರಡು ಸಂಗತಿಗಳು ಮುಖ್ಯ. ಮೊದಲನೆಯದು ಅಕ್ಷಾಂಶ, ರೇಖಾಂಶ. ದಾವಣಗೆರೆ ನಗರದ ಅಕ್ಷಾಂಶ ಸುಮಾರು 14 ಡಿಗ್ರಿ 28 ನಿಮಿಷ. ಮೊಬೈಲ್ ನಕ್ಷೆಯು ಅದನ್ನೇ ದಶಮಾಂಶದಲ್ಲಿ 14.47 ಎಂದು ತೋರಿಸುತ್ತದೆ. ಇದನ್ನು 14 ಡಿಗ್ರಿ 47 ನಿಮಿಷವೆಂದು ಬರೆದುಬಿಟ್ಟರೆ 19 ನಿಮಿಷಗಳ ವ್ಯತ್ಯಾಸವಾಗುತ್ತದೆ. ಒಂದು ನಿಮಿಷಕ್ಕೆ ಸುಮಾರು 1.85 ಕಿಲೋಮೀಟರ್ ಲೆಕ್ಕದಲ್ಲಿ ನಿಮ್ಮ ಕೇಂದ್ರ 35 ಕಿಲೋಮೀಟರ್ ಉತ್ತರಕ್ಕೆ ಸರಿದು ಹರಪನಹಳ್ಳಿಯ ಆಸುಪಾಸಿನಲ್ಲಿ ಕೂರುತ್ತದೆ. ರೇಖಾಂಶವಾದ 75.92ರಲ್ಲಿ ಇದೇ ತಪ್ಪಾದರೆ 92 ನಿಮಿಷ ಎಂಬುದು ಇಲ್ಲದ ಕಾರಣ ಅದು ಬೇಗ ಕಣ್ಣಿಗೆ ಬೀಳುತ್ತದೆ. ಅಕ್ಷಾಂಶದ ತಪ್ಪು ಹಾಗೆ ಕಾಣಿಸದು.

ಎರಡನೆಯದು ನೆಲದ ಏರಿಳಿತ. ಎಫ್‌ಎಂ ತರಂಗಗಳು ಬಹುಮಟ್ಟಿಗೆ ನೇರ ದೃಷ್ಟಿರೇಖೆಯಲ್ಲಿ ಸಾಗುತ್ತವೆ. ದಾವಣಗೆರೆಯ ಬಯಲಿನಲ್ಲಿ ಸಲೀಸಾಗಿ ತಲುಪುವ ದನಿಯು ಚಿತ್ರದುರ್ಗದ ಕಲ್ಲುಬೆಟ್ಟಗಳ ಹಿಂದಿನ ಹಳ್ಳಿಯಲ್ಲಿ ಕೇಳಿಸದೇ ಹೋಗಬಹುದು. ಹೊರಸೂಸುವ ಶಕ್ತಿಗೆ ಸಾಮಾನ್ಯವಾಗಿ 100 ವ್ಯಾಟ್ ಮಿತಿಯಿದೆ. ಇದು ಟ್ರಾನ್ಸ್‌ಮಿಟರ್ ಪೆಟ್ಟಿಗೆಯ ಮೇಲೆ ಬರೆದ ಶಕ್ತಿಯಲ್ಲ, ಕೇಬಲಿನ ನಷ್ಟ ಕಳೆದು ಆಂಟೆನಾದ ಗಳಿಕೆ (ಶಕ್ತಿಯನ್ನು ಬೇಕಾದ ದಿಕ್ಕಿಗೆ ಕೂಡಿಸುವುದರಿಂದ ಸಿಗುವ ಹೆಚ್ಚಳ) ಸೇರಿಸಿದ ಲೆಕ್ಕ. ನಷ್ಟವನ್ನು ಬದಿಗಿಟ್ಟರೆ, 50 ವ್ಯಾಟಿನ ಟ್ರಾನ್ಸ್‌ಮಿಟರ್‌ಗೆ ಶಕ್ತಿಯನ್ನು ಇಮ್ಮಡಿಗೊಳಿಸುವ ಆಂಟೆನಾ ಜೋಡಿಸಿದಾಗಲೇ ಮಿತಿ ಮುಟ್ಟುತ್ತದೆ. ಆಂಟೆನಾದ ಎತ್ತರ ನೆಲದಿಂದ 15 ಮೀಟರಿಗಿಂತ ಕಡಿಮೆ, 30 ಮೀಟರಿಗಿಂತ ಹೆಚ್ಚು ಇರಬಾರದು. ಹೀಗಾಗಿ ಬೆಟ್ಟದ ಸೀಮೆಯವರು ಶಕ್ತಿ ಹೆಚ್ಚಿಸುವ ಯೋಚನೆ ಬಿಟ್ಟು ಜಾಗದ ಆಯ್ಕೆಗೆ ಗಮನ ಕೊಡಬೇಕು.

ಪ್ರಸಾರದ ವಿಷಯಕ್ಕೆ ಬಂದರೆ, ಕನಿಷ್ಠ ಅರ್ಧದಷ್ಟು ಕಾರ್ಯಕ್ರಮಗಳು ಸ್ಥಳೀಯವಾಗಿಯೇ ತಯಾರಾಗಬೇಕು, ಆದಷ್ಟೂ ಸ್ಥಳೀಯ ನುಡಿಯಲ್ಲಿರಬೇಕು. ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿ ಇಲ್ಲ. ಆಕಾಶವಾಣಿಯ ವಾರ್ತೆಗಳನ್ನು ಇದ್ದ ರೂಪದಲ್ಲೇ ಮರುಪ್ರಸಾರ ಮಾಡಬಹುದು. ಆದರೆ ಹವಾಮಾನ, ಪರೀಕ್ಷೆ, ಉದ್ಯೋಗಾವಕಾಶ, ಜಾತ್ರೆ, ಹಬ್ಬ, ನೀರು ಮತ್ತು ವಿದ್ಯುತ್ತಿನ ಬಗ್ಗೆ ಸ್ಥಳೀಯ ಆಡಳಿತದ ಪ್ರಕಟಣೆ ಇವು ಸುದ್ದಿಯೆಂದು ಗಣನೆಯಾಗುವುದಿಲ್ಲ. ಹಳ್ಳಿಯ ಕೇಳುಗನಿಗೆ ಬೆಳಗಾದರೆ ಬೇಕಾದದ್ದು ಬಹುಪಾಲು ಇವುಗಳಲ್ಲೇ ಅಡಕವಾಗಿದೆ. 2024ರ ಪರಿಷ್ಕೃತ ಮಾರ್ಗಸೂಚಿಯು ಜಾಹೀರಾತಿನ ಸಮಯವನ್ನು ಗಂಟೆಗೆ 7 ನಿಮಿಷದಿಂದ 12 ನಿಮಿಷಕ್ಕೆ ಏರಿಸಿದೆ, ಅನುಮತಿಯ ಆರಂಭಿಕ ಅವಧಿಯನ್ನು 10 ವರ್ಷ ಮಾಡಿದೆ, ಕಾರ್ಯಕ್ರಮಗಳ ಬಗ್ಗೆ ಕೇಂದ್ರಕ್ಕೆ ಸಲಹೆ ನೀಡುವ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕೆಂದೂ ಹೇಳಿದೆ.

ಅರ್ಜಿಯನ್ನು ವಾರ್ತಾ ಮತ್ತು ಪ್ರಸಾರ ಸಚಿವಾಲಯದ ‘ಬ್ರಾಡ್‌ಕಾಸ್ಟ್ ಸೇವಾ’ ಜಾಲತಾಣದಲ್ಲಿ ಸಲ್ಲಿಸಬೇಕು. ಗೃಹ ಸಚಿವಾಲಯವೂ ಸೇರಿದಂತೆ ಬೇರೆ ಸಚಿವಾಲಯಗಳ ಅಭಿಪ್ರಾಯ ಪಡೆದ ಬಳಿಕ ಉದ್ದೇಶ ಪತ್ರ (ಅನುಮತಿ ಕೊಡುವ ಇರಾದೆಯನ್ನಷ್ಟೇ ತಿಳಿಸುವ ‘ಲೆಟರ್ ಆಫ್ ಇಂಟೆಂಟ್’) ಬರುತ್ತದೆ. ಅದನ್ನು ಪರವಾನಗಿಯೆಂದು ತಿಳಿದು ಸಂಭ್ರಮಿಸುವವರಿದ್ದಾರೆ. ಆದರೆ ತರಂಗಾಂತರದ ಹಂಚಿಕೆ, ಆಂಟೆನಾ ಸ್ಥಳಕ್ಕೆ ಒಪ್ಪಿಗೆ, ಸಚಿವಾಲಯದೊಂದಿಗೆ ಅನುಮತಿ ಒಪ್ಪಂದ ಇವೆಲ್ಲ ಆಮೇಲಿನವು. ಕೊನೆಯಲ್ಲಿ ದೂರಸಂಪರ್ಕ ಇಲಾಖೆಯು ನಿಸ್ತಂತು ಕಾರ್ಯಾಚರಣೆಯ ಪರವಾನಗಿಯನ್ನು ಕೊಡುತ್ತದೆ. ಅದು ಕೈಸೇರುವ ತನಕ ಸ್ಟುಡಿಯೊದಲ್ಲಿ ಎಷ್ಟು ಬೇಕಾದರೂ ಧ್ವನಿಮುದ್ರಣ ಮಾಡಿಕೊಳ್ಳಬಹುದು; ಟ್ರಾನ್ಸ್‌ಮಿಟರನ್ನು ಮಾತ್ರ ಪರೀಕ್ಷೆಗೆಂದೂ ಚಾಲೂ ಮಾಡುವಂತಿಲ್ಲ.