ಗೇರು ಅನ್ನುವ ಹೆಸರು ಯಾವ ಮರದ್ದು?

ಮಂಗಳೂರಿನ ಕೊಂಕಣಿಗರ ಮದುವೆಯೂಟದಲ್ಲಿ ತೆಂಡ್ಲೆ-ಬಿಬ್ಬೊ ಉಪ್ಕರಿ (ಪಲ್ಯ) ಇರಲೇಬೇಕು. ತೆಂಡ್ಲೆ ಎಂದರೆ ತೊಂಡೆಕಾಯಿ, ಬಿಬ್ಬೊ ಎಂದರೆ ಎಳೆ ಗೇರುಬೀಜ. ಆದರೆ ಮಹಾರಾಷ್ಟ್ರದ ಗ್ರಂಧಿಗೆ ಅಂಗಡಿಯಲ್ಲಿ 'ಬಿಬ್ಬಾ' ಕೇಳಿದರೆ ಸಿಗುವುದು ಬೇರೆಯದೇ: ಕಪ್ಪಗೆ ಮಿರುಗುವ, ರಸ ತಾಗಿದರೆ ಮೈ ಸುಡುವ ಕಾಯಿ. ಆಯುರ್ವೇದದ ಭಲ್ಲಾತಕ ಅದೇ. ಅಗಸರು ಬಟ್ಟೆಗೆ ಅಳಿಯದ ಗುರುತು ಹಾಕುತ್ತಿದ್ದದ್ದೂ ಅದರ ರಸದಿಂದಲೇ.

ಗೇರು ನಮ್ಮ ನೆಲದ ಮರವಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ಅಲ್ಲಿನ ತುಪಿ ಜನರ 'ಅಕಾಜು' ಪೋರ್ಚುಗೀಸರ ಬಾಯಲ್ಲಿ 'ಕಾಜು' ಆಯಿತು. ಹಿಂದಿಯ ಕಾಜು, ಇಂಗ್ಲಿಷಿನ ಕ್ಯಾಶ್ಯೂ, ಮಲಯ ಭಾಷೆಯ ಗಾಜುಸ್ ಎಲ್ಲವೂ ಅದರ ಮಕ್ಕಳು. ಆದರೆ ನಮ್ಮ ಹಲವು ಭಾಷೆಗಳು ಆ ಹೆಸರಿಗಾಗಿ ಕಾಯಲಿಲ್ಲ. ಭಲ್ಲಾತಕದ ಹೆಸರನ್ನೇ ಹೊಸ ಮರಕ್ಕೆ ಕೊಟ್ಟುಬಿಟ್ಟವು.

ಅದು ಕಣ್ಣಳತೆಯ ಊಹೆಯಲ್ಲ, ನಿಜವಾದ ಸಸ್ಯಜ್ಞಾನ ಎಂಬುದು ನನ್ನ ದೃಢವಾದ ನಂಬಿಕೆ. ಗೇರುಹಣ್ಣು ಅಸಲಿಗೆ ಹಣ್ಣಲ್ಲ, ಉಬ್ಬಿದ ತೊಟ್ಟು. ಅದರ ತುದಿಯಲ್ಲಿ ಹೊರಗೇ ನೇತಾಡುವ ಬೀಜವೇ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕಾಯಿ. ಭಲ್ಲಾತಕದ್ದೂ ಇದೇ ವಿಚಿತ್ರ: ಕಿತ್ತಳೆ ಬಣ್ಣದ ಉಬ್ಬು ತೊಟ್ಟು, ತುದಿಯಲ್ಲಿ ಕರಿಕಾಯಿ. ಇನ್ನು ಸೊನೆ. ಎಳೆಬೀಜ ಸೀಳುವ ಹೆಂಗಸರು ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಾರೆ. ಇಲ್ಲದಿದ್ದರೆ ಬೆರಳು ಕಪ್ಪಾಗಿ ಚರ್ಮ ಸುಲಿಯುತ್ತದೆ. ಗೇರಿನ ಸಿಪ್ಪೆಯೊಳಗಿನ ಅನಕಾರ್ಡಿಕ್ ಆಮ್ಲ, ಕಾರ್ಡಾಲ್‌ಗಳೂ ಭಲ್ಲಾತಕದ ಭಿಲವಾನಾಲ್‌ಗಳೂ ಉದ್ದ ಇಂಗಾಲದ ಬಾಲವಿರುವ ಫೀನಾಲ್ ಬಳಗದವು. ಎರಡೂ ಮರ ಮಾವಿನ ಕುಟುಂಬದವೇ. ಮಲಯಾಳಿಗಳು ಗೇರನ್ನು 'ಪರಂಗಿಮಾವು' ಎಂದದ್ದೂ ಎಷ್ಟು ಸರಿ ನೋಡಿ!

'ಗೇರು' ಅಚ್ಚ ದ್ರಾವಿಡ ಪದ. ಮುಂದೆ ಇ, ಎ ಸ್ವರ ಬಂದಾಗ ಕನ್ನಡದ ಕಕಾರ ಮಲಯಾಳ, ತಮಿಳುಗಳಲ್ಲಿ ಚಕಾರವಾಗುವುದುಂಟು. ನಮ್ಮ ಕಿವಿ ಅವರಿಗೆ ಚೆವಿ. ಹಾಗೆಯೇ ಹಳೆಯ 'ಕೇರು' ಅಲ್ಲಿ 'ಚೇರು', ಇಲ್ಲಿ 'ಗೇರು'. ಚೇರು ಅಲ್ಲಿ ಇವತ್ತಿಗೂ ಆ ಸುಡುವ ಮರವೇ. 'ಗೋಡಂಬಿ'ಯ ಕತೆಯೂ ಬೇರೆಯಲ್ಲ: ಮರಾಠಿಯಲ್ಲಿ ಗೋಡಂಬಿ ಎಂದರೆ ಬಿಬ್ಬಾ ಕಾಯಿಯ ಒಳತಿರುಳು. ತೆಲುಗರ 'ಜೀಡಿ'ಯೂ ಭಲ್ಲಾತಕವೇ. ಗೇರು ಅವರಿಗೆ ಜೀಡಿಮಾಮಿಡಿ, ಜೀಡಿಯೂ ಹೌದು, ಮಾವೂ ಹೌದು.

ಯುರೋಪಿನವರೂ ಇದೇ ದಾರಿ ಹಿಡಿದರು. ಅಲ್ಲಿನ ಔಷಧಿ ಅಂಗಡಿಗಳಲ್ಲಿ 'ಅನಕಾರ್ಡಿಯಂ' ಎಂದರೆ ಭಾರತದಿಂದ ಬಂದ, ಹೃದಯದಾಕಾರದ ಭಲ್ಲಾತಕ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಆ ಹೆಸರನ್ನು ಗೇರಿಗೆ ಕೊಟ್ಟು 'ಅನಕಾರ್ಡಿಯಂ ಆಕ್ಸಿಡೆಂಟಾಲೆ', ಅಂದರೆ ಪಡುವಣದ ಅನಕಾರ್ಡಿಯಂ ಎಂದ. ಭಲ್ಲಾತಕಕ್ಕೆ 'ಸೆಮೆಕಾರ್ಪಸ್', ಗುರುತಿನ ಕಾಯಿ, ಎಂಬ ಹೊಸ ಕುಲನಾಮ ಬಂದದ್ದು ಅವನ ಮಗನ ಕಾಲದಲ್ಲಿ. ಗೇರು ಈಗ ಕರಾವಳಿಯ ಗುಡ್ಡಗಳನ್ನೆಲ್ಲ ತುಂಬಿದೆ. ಹೆಸರು ಕೊಟ್ಟ ಮರವನ್ನು ಬೇರೆಯಾಗಿ ಗುರುತಿಸಲು ಕನ್ನಡಿಗರು ಕರಿಗೇರು ಎನ್ನಬೇಕು, ತೆಲುಗರು ನಲ್ಲಜೀಡಿ ಎನ್ನಬೇಕು.